ಇನ್ನೂ ನಿರ್ಧರಿಸದ ಮತದಾರ

ಫೋನು ಎರಡನೇ ಸಲ ಬಡಿದುಕೊಳ್ಳುವ ಮೊದಲೇ ಹ್ಯಾಥರ್ವೇ ಎತ್ತಿಕೊಂಡರು.

"ಮಿಸ್ಟರ್ ಹ್ಯಾಥರ್ವೇ, ನಾನು ಇಮೋಜೆನ್. ನಮ್ಮ ಪಕ್ಷದ ನಾಯಕತ್ವದ ಚುನಾವಣೆ ವಿಷ್ಯ. ಏನ್ ಯೋಚ್ನೆ ಮಾಡಿದ್ರಿ? ನಮ್ಮ ಮೇಡಂ ಕಡೆ ಬಂದ್ರೋ ಇಲ್ವೋ?"

"ಅದೇ ಕಣಮ್ಮ, ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ನಿಮ್ಮ ಮೇಡಂ ತೆರಿಗೆ ಬಗ್ಗೆ ಹೇಳೋದು ಸರಿ ಅನ್ಸುತ್ತೆ. ಬೆಳಗಾದ್ರೆ ಆ ಇನ್ನೊಬ್ರು ಹೇಳೋದೂ ಸರಿ ಅನ್ಸುತ್ತೆ. ಇನ್ನೂ ನಿರ್ಧಾರ ಮಾಡಿಲ್ಲ."

ಅದು ಶುದ್ಧ ಸುಳ್ಳು. ಯಾರಿಗೆ ಮತ ಎಂದು ಅವರು ಮೊದಲ ದಿನವೇ ತೀರ್ಮಾನಿಸಿದ್ದರು, ಅದು ಇಮೋಜೆನ್ ಹೇಳುವ ಮೇಡಂಗಂತೂ ಅಲ್ಲ. ಆದರೆ ಅನುಭವ ಅವರಿಗೆ ಬುದ್ಧಿ ಕಲಿಸಿತ್ತು. ಪಕ್ಷದೊಳಗೆ ಎರಡು ಬಣವಾದ ಮೇಲೆ ನಾಯಕರು ಬಂದಷ್ಟೇ ಬೇಗ ಹೋಗುತ್ತಿದ್ದರು. ಸಂಸದರು ಕಿತ್ತಾಡಿ ಇದ್ದವರನ್ನು ಇಳಿಸುವುದು, ಆಮೇಲೆ ಕಣದಲ್ಲುಳಿದ ಇಬ್ಬರಲ್ಲಿ ಒಬ್ಬರನ್ನು ಆರಿಸಿ ಎಂದು ಇವರಂಥ ಊರೂರಿನ ಪಕ್ಷದ ಸದಸ್ಯರ ತಲೆಗೆ ಕಟ್ಟುವುದು. ಹಿಂದಿನ ಚುನಾವಣೆಯಲ್ಲಿ ಹೀಗೇ ಫೋನು ಬಂದಾಗ ಹ್ಯಾಥರ್ವೇ ಸತ್ಯವಂತರಂತೆ 'ನನ್ನ ಮತ ನಿಮಗೇ' ಎಂದುಬಿಟ್ಟಿದ್ದರು. ಆ ಕಡೆಯವನು 'ಥ್ಯಾಂಕ್ಯೂ ಸರ್' ಎಂದು ಇಟ್ಟವನು ಮತ್ತೆ ಮಾಡಲೇ ಇಲ್ಲ. ಕೈಗೆ ಬಂದ ಮತವನ್ನು ಯಾರು ವಿಚಾರಿಸುತ್ತಾರೆ? ಕೊಡುವುದಿಲ್ಲ ಎಂದವನನ್ನೂ ಕೇಳುವವರಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟವನಿಗೆ ಮಾತ್ರ ಮತ್ತೆ ಮತ್ತೆ ಫೋನು.

ಆ ಫೋನು ಅವರಿಗೆ ಬೇಕಾಗಿತ್ತು. ಹೆಂಡತಿ ಮ್ಯೂರಿಯಲ್ ತೀರಿಹೋಗಿದ್ದಳು. ಮಳೆಯಲ್ಲಿ ಜೊತೆಗೇ ಮನೆಮನೆಗೆ ಕರಪತ್ರ ಹಂಚಿದ ಗೆಳೆಯ ನೆವಿಲ್, ಹಿಂದಿನ ಚುನಾವಣೆಯಲ್ಲಿ ಎದುರು ಬಣ ಸೇರಿ, ಈಗ ಇವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದ. ಮನೆಯಲ್ಲಿ ಮಾತಾಡುತ್ತಿದ್ದುದು ರೇಡಿಯೋ ಒಂದೇ. ಅದು ದಿನವೆಲ್ಲ ಹೇಳುತ್ತಿತ್ತು, ಏನನ್ನೂ ಕೇಳುತ್ತಿರಲಿಲ್ಲ.

"ಹೀಗಾದ್ರೆ ನಾನೇ ಬಂದು ಒಪ್ಪಿಸ್ಬೇಕು ನಿಮ್ಮನ್ನ," ಇಮೋಜೆನ್ ನಕ್ಕಳು. "ಶನಿವಾರ ನಿಮ್ಮೂರು ಕೆಟರಿಂಗ್ ಕಡೆ ಬರೋದಿದೆ. ನಾಲ್ಕು ಗಂಟೆಗೆ ಟೀ ಕೊಡ್ತೀರಾ?"

"ಕೊಡ್ತೀನಿ. ಆದ್ರೆ ನಾನು ಸುಲಭಕ್ಕೆ ಒಪ್ಪೋನಲ್ಲ. ಒಂದೇ ಸಲಕ್ಕೆ ಆಗ್ದೇನೂ ಇರ್ಬಹುದು. ಎರಡನೇ ಸಲ ಬರ್ಬೇಕಾಗುತ್ತೆ."

"ಭಾರಿ ಆಸಾಮಿ ನೀವು!"

ಶನಿವಾರ ಅವರು ಗಡ್ಡ ಬೋಳಿಸಿ, ಟೈ ಕಟ್ಟಿ, ಬೇಕರಿಯಿಂದ ದೊಡ್ಡ ಸ್ಪಾಂಜ್ ಕೇಕನ್ನೇ ತಂದರು. ಕುರ್ಚಿಯ ಮೇಲಿದ್ದ ಹಳೆಯ ಪತ್ರಿಕೆಗಳನ್ನೆಲ್ಲ ಎತ್ತಿಹಾಕಿ ಒಬ್ಬರು ಕೂರುವಷ್ಟು ಜಾಗ ಮಾಡಿದರು. ಯಾವ ವಿಷಯದಲ್ಲಿ ತಕರಾರು ತೆಗೆದರೆ ಮಾತು ಉದ್ದವಾದೀತು ಎಂದು ಯೋಚಿಸಿಯೂ ಇಟ್ಟುಕೊಂಡಿದ್ದರು. ಮೂರೂವರೆಗೆ ಫೋನು ಬಂತು.

"ಮಿಸ್ಟರ್ ಹ್ಯಾಥರ್ವೇ, ಗೆದ್ಬಿಟ್ವಿ!" ಇಮೋಜೆನ್‌ಳ ಹಿಂದೆ ಯಾರೋ ಕೇಕೆ ಹಾಕುತ್ತಿದ್ದರು. "ಆ ಕಡೆಯವ್ರು ಈಗಷ್ಟೇ ಹಿಂದೆ ಸರಿದ್ರು. ಇರೋದೀಗ ನಮ್ಮ ಮೇಡಂ ಒಬ್ರೇ. ನೀವ್ಯಾರೂ ಮತ ಹಾಕೋದೇ ಬೇಕಾಗಿಲ್ಲ!"

"ಒಳ್ಳೇದಾಯ್ತು," ಎಂದರು ಹ್ಯಾಥರ್ವೇ. "ಕೇಕ್ ತಂದಿದ್ದೆ. ಹೇಗೂ ಈ ಕಡೆ ಬಂದಿದೀಯ, ಒಂದ್ ಚೂರು ತಿಂದ್ಕೊಂಡು..."

"ಅಯ್ಯೋ, ಈಗ್ಲೇ ಲಂಡನ್‌ಗೆ ಓಡ್ತಿದೀವಿ. ಸಾರಿ ಆಯ್ತಾ? ನಿಮಗಿನ್ನು ನಮ್ಮ ಕಾಟ ಇಲ್ಲ ಬಿಡಿ!"

ಕಾಟ ಎಂಬ ಮಾತು ಮುದುಕನಿಗೆ ನಾಟಿತು. ಆದರೂ ಅವಳು ಇಟ್ಟುಬಿಡುವ ಮೊದಲು ಕೇಳಿಯೇಬಿಟ್ಟರು. "ಇವರು ಎಷ್ಟು ದಿನ ಇರ್ತಾರೆ ಅಂತೀಯಮ್ಮ?"

"ಬಣಗಿಣ ಎಲ್ಲ ಮುಗೀತು ಸರ್. ಪಕ್ಷ ಒಂದಾಯ್ತು. ಇನ್ನು ಹತ್ತು ವರ್ಷ ಮೇಡಮ್ಮನ್ನ ಯಾರೂ ಅಲ್ಲಾಡ್ಸೋಕಾಗಲ್ಲ!"

ಹ್ಯಾಥರ್ವೇಗೆ ಎಂಬತ್ತಮೂರು ನಡೆಯುತ್ತಿತ್ತು.

"ಹತ್ತು ವರ್ಷವೇ?" ಎಂದರು. "ಸ್ವಲ್ಪ ಬೇಗ ಜಗಳ ಆಡ್ಕೊಳ್ಳೋಕೆ ಆಗಲ್ವೇನಮ್ಮ?"