ಅನುಮಾನ ಬಂದ ಫೈಲು

"ನಿಜ ಹೇಳಿ ಅಕ್ಕ, ಆ ಫೈಲು ಓಪನ್ ಮಾಡಿದ್ದು ನೀವೇ ತಾನೆ?" ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವವನು ಟೈಪಿಸ್ಟ್ ಹೆಂಗಸಿನ ಮುಖವನ್ನೇ ದಿಟ್ಟಿಸಿದ. ಎಲ್ಲರಿಗೂ ಇಮೇಲ್‌ನಲ್ಲಿ ಬಂದಿದ್ದ ಆ ಫೈಲಿನಿಂದ ಕೆಟ್ಟು ಕೂತದ್ದು ಅವಳ ಕಂಪ್ಯೂಟರ್ ಒಂದೇ.

ಅವಳು ಎರಡೂ ಕೈಗಳನ್ನು ಮೌಸಿನಿಂದ ದೂರ, ಮಡಿಲಲ್ಲೇ ಇಟ್ಟುಕೊಂಡಿದ್ದಳು. "ಓಪನ್ ಮಾಡಲೇ ಇಲ್ಲಪ್ಪ. ಅನುಮಾನ ಬಂತು. ನೀನು ಹೇಳಿಕೊಟ್ಟ ಹಾಗೆ ಆ್ಯಂಟಿವೈರಸ್‌ನಲ್ಲಿ ಸ್ಕ್ಯಾನ್ ಮಾಡಿಸಿದೆ, ಅಷ್ಟೇ."

ಅವಳ ಸುಳ್ಳನ್ನು ಹಿಡಿಯಲೆಂದೇ ಅವನು ಕಂಪ್ಯೂಟರಿನಲ್ಲಿ ಏನೇನು ನಡೆಯಿತೆಂಬ ದಾಖಲೆ ತೆರೆದ. ಹನ್ನೊಂದೂ ಹತ್ತಕ್ಕೆ ಫೈಲನ್ನು ಬಿಚ್ಚಿದ್ದು ಅವಳಲ್ಲ, ಆ್ಯಂಟಿವೈರಸ್. ವೈರಸ್ ಒಳಗೆ ನುಗ್ಗಿದ್ದೂ ಅದೇ ನಿಮಿಷ, ಅದರ ಮೂಲಕವೇ.

ಅಷ್ಟರಲ್ಲಿ ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿದರು. "ಆಗಲೇ ನೀವು ಹೇಳಿದ ಹಾಗೇ, ಈಗಷ್ಟೇ ಮೇಲಿನ ಮಹಡೀಲಿ ಎಲ್ಲರೂ ಆ ಫೈಲನ್ನ ಸ್ಕ್ಯಾನ್‌ಗೆ ಹಾಕಿದ್ದಾರೆ. ಇನ್ನೇನೂ ಭಯ ಇಲ್ವಲ್ಲ?"