ಇಲಿ ತಗಡಿನ ಮೊಳೆ

ಮನುಷ್ಯನನ್ನು ಕೊನೆಗೆ ಕಾಯುವುದು ದೈವ ಮತ್ತು ಎಚ್ಚರ, ಇವೆರಡೇ. ಕಿಬ್ಬನಹಳ್ಳಿ ಹತ್ತಿರದ ಕಾಳಾಚಾರ್ರ ಮರ ಕೊಯ್ಯುವ ಮಿಲ್ಲಿನಲ್ಲಿ ಎರಡನ್ನೂ ಗೋಡೆಯ ಒಂದೇ ಗೂಟಕ್ಕೆ ನೇತುಹಾಕಿದ್ದರು. ಆಯುಧಪೂಜೆಗೆಂದು ಗರಗಸದ ಚಕ್ರದ ಮೇಲಿಂದ ಬಿಚ್ಚಿದ ಕಬ್ಬಿಣದ ರಕ್ಷಾಕವಚ, ಗಾರ್ಡು, ಮೂರೆಳೆ ವಿಭೂತಿ ಬಳಿಸಿಕೊಂಡು, ದೇವರ ಪಟದ ಜೊತೆಗೆ ಅಲ್ಲೇ ಉಳಿದಿತ್ತು.

ಹಸಿ ತೆಂಗಿನ ಮರ ಕೊಯ್ದ ವಾಸನೆ ಬಂದರೆ ಈಗಲೂ ನನ್ನ ಕೈ ಕಣ್ಣಿಗೆ ಹೋಗುತ್ತದೆ.

ಆ ಮಧ್ಯಾಹ್ನ ಅಪ್ಪ ಕೊಟ್ಟಿಗೆಯ ತೊಲೆಗೆಂದು ನಮ್ಮ ತೋಟದ ಹಳೇ ತೆಂಗಿನ ಮರವನ್ನು ಅಲ್ಲಿಗೆ ತಂದಿದ್ದರು. ಇಲಿ ಹತ್ತದಂತೆ ಅದರ ಸುತ್ತ ತಗಡು ಬಡಿದಿದ್ದೆವು. ತಗಡು ಕೀಳುವಾಗ ಒಂದು ಮೊಳೆಯ ತಲೆ ಮುರಿದು, ಉಳಿದದ್ದು ಮರದೊಳಗೇ ನಿಂತದ್ದನ್ನು ನಾನು ನೋಡಿದ್ದೆ. ಅಪ್ಪನೂ ನೋಡಿದ್ದರು.

"ಮೊಳೆಗಿಳೆ ಇದ್ರೆ ಈಗ್ಲೇ ಹೇಳ್ಬುಡಿ ಗೌಡ್ರೆ, ಮರ ವಾಪಸ್ ಕಳಿಸ್ತೀನಿ," ಎಂದರು ಆಚಾರ್ರು.

"ಎಲ್ಲಾ ಕಿತ್ತಿವ್ನಿ ಕಣಪ್ಪ," ಎಂದರು ಅಪ್ಪ.

ನಾನು ಅವರ ಪಂಚೆ ಜಗ್ಗಿದೆ. "ಸುಮ್ಕಿರವ್ವ," ಎಂದು ನನ್ನನ್ನು ದೂರದ ಕಂಬದ ಮರೆಗೆ ನಿಲ್ಲಿಸಿದರು. ತಾವೂ ಬಂದು ಪಕ್ಕದಲ್ಲೇ ನಿಂತರು.

"ಗಾರ್ಡ್ ಹಾಕ್ಕಳಲ್ವೇನಪ್ಪ?" ಅಪ್ಪ ಅಲ್ಲಿಂದಲೇ ಕೇಳಿದರು.

"ಪೂಜೆ ಆಗಿರೋದು ಕಣ್ರೀ. ಅಲ್ಲಿಂದ್ಲೇ ಕಾಯ್ತದೆ, ಬುಡಿ."

ಚಕ್ರ ತಿರುಗಿತು. ಮರದ ಗಟ್ಟಿ ಹೊರಪದರಕ್ಕೆ ತಾಗಿ ಸದ್ದು ಏರಿತು. ಒದ್ದೆ ಹುಡಿ ಆಚಾರ್ರ ಮುಂಗೈಗೆ ಮೆತ್ತಿಕೊಂಡಿತು. ಆಮೇಲೆ ಟಣ್ಣೆಂದು ಚಕ್ರದ ಒಂದು ಹಲ್ಲು ಹಾರಿತು.

ಆಚಾರ್ರ ಎಡಗಣ್ಣನ್ನು ತುಮಕೂರಿನ ಆಸ್ಪತ್ರೆಯಲ್ಲಿ ತೆಗೆದರು.