ಟಾಪು ಬದಲಿಸುವ ಮಾತು

"ಹಾರ್ಡ್ ಟಾಪ್ ಬೇಡ ಬಿಡು. ಇವತ್ತೇ ತೆಗೆಸಿಬಿಡ್ತೀನಿ. ನೀನು ಹೇಳಿದ ಹಾಗೇ ಕ್ಯಾನ್ವಾಸಿನ ಸಾಫ್ಟ್ ಟಾಪ್ ಹಾಕ್ಸೋಣ. ಕೇಳಿಸ್ತಾ?"



ಸರ್ವೇಯರ್ ಮತ್ತೊಮ್ಮೆ ಜೀಪಿನ ಬಾಗಿಲ ಹಿಡಿಕೆ ಹಿಡಿದು ಜಗ್ಗಿದ. ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಆಫೀಸಿನಲ್ಲಿ ಯಾರಿಗೂ ತಲೆಬಾಗದ ಮನುಷ್ಯ ಈಗ ಮಂಡಿಯೂರಿ ಕುಳಿತು, ಕಿಟಕಿಯ ಅಂಗೈ ಅಗಲದ ಸಂದಿಗೆ ಬಾಯಿ ಹಚ್ಚಿ ಹೆಂಡತಿಯನ್ನು ಕೂಗುತ್ತಿದ್ದ. ಸುತ್ತ ಜನ ಸೇರಿದ್ದರು. ಅವರಲ್ಲಿ ಅರ್ಧ ಜನ ಸಲಹೆ ಕೊಡುತ್ತಿದ್ದರು, ಉಳಿದರ್ಧ ಜನ ಲೊಚಗುಟ್ಟುತ್ತಿದ್ದರು. ಅವನಿಗೆ ಮಾನ ಮರ್ಯಾದೆಯ ಪರಿವೆಯೇ ಇರಲಿಲ್ಲ.

ಗಂಡಹೆಂಡಿರ ನಡುವೆ ಜೀಪಿನ ಟಾಪು ಬಂದು ಕೂತದ್ದು ಹೊಸದಲ್ಲ. ಗುಡ್ಡಗಾಡಿನ ಅಳತೆ ಕೆಲಸಕ್ಕೆಂದು ಅವನು ಹಳೆಯ ಜೀಪು ಕೊಂಡಾಗ ಅದಕ್ಕೆ ಟಾಪೇ ಇರಲಿಲ್ಲ. ಹೆಂಡತಿ ಟೈಲರ್. ಬೀದಿಯವರ ಬಾಯಲ್ಲಿ ಟೈಲರಮ್ಮ. "ಕ್ಯಾನ್ವಾಸ್ ತಂದುಕೊಡಿ, ನಾನೇ ಹೊಲಿದುಕೊಡ್ತೀನಿ" ಎಂದು ಖುಷಿಯಿಂದ ಟೇಪು ಹಿಡಿದು ಬಂದಿದ್ದಳು. ಇವನು ಮುಖ ಸಿಂಡರಿಸಿದ. ಹೆಂಡತಿ ಹೊಲಿದ ಗುಡಾರ ಹೊತ್ತುಕೊಂಡು ತಿರುಗಿದರೆ ಸಹೋದ್ಯೋಗಿಗಳು ಆಡಿಕೊಳ್ಳುವುದಿಲ್ಲವೇ? ಅವಳನ್ನು ಕೇಳದೆಯೇ ದಪ್ಪ ತಗಡಿನ ಹಾರ್ಡ್ ಟಾಪ್ ಕೂರಿಸಿಕೊಂಡು ಬಂದ. ಅವಳು ಜಗಳವಾಡಲಿಲ್ಲ. "ಬೇಕು ಅಂದಾಗ ಬಿಚ್ಚೋಕಾಗಲ್ಲವಲ್ಲ" ಎಂದಳು, ಅಷ್ಟೆ. ಟೇಪು ಸುತ್ತಿ ಒಳಗಿಟ್ಟಳು.

ಜಗಳ ಆಮೇಲೆ ಕಂತುಗಳಲ್ಲಿ ಬಂತು. ಜೀಪು ಹತ್ತಿದಾಗಲೆಲ್ಲ "ಈ ಡಬ್ಬಿಯೊಳಗೆ ಉಸಿರು ಕಟ್ಟತ್ತೆ" ಎನ್ನುವಳು. ಇವನು "ಇಳಿದು ನಡ್ಕೊಂಡು ಬಾ" ಎನ್ನುವನು. ಈ ಬೆಳಿಗ್ಗೆಯೂ ಅದೇ ಆಯಿತು. ಮಾತಿಗೆ ಮಾತು ಬೆಳೆದು, ಇವನು ಗುಡ್ಡದ ದಾರಿಯಲ್ಲೇ ಜೀಪು ನಿಲ್ಲಿಸಿ, ಸಿಟ್ಟಿನಲ್ಲಿ ಹೊರಗೆ ಬಂದು ಬಾಗಿಲನ್ನು ದಡಾರನೆ ಹಾಕಿ, ಸಿಗರೇಟು ಹಚ್ಚಲು ನಾಲ್ಕು ಹೆಜ್ಜೆ ಹೋದ. ತಿರುಗಿ ನೋಡುವಷ್ಟರಲ್ಲಿ ಕೆಲಸ ಕೆಟ್ಟಿತ್ತು.

"ರೀ..." ಕೊನೆಗೂ ಒಳಗಿನಿಂದ ದನಿ ಬಂತು. "ನನ್ನ ಪಾಡಿಗೆ ಬಿಡ್ರಿ. ನಿದ್ದೆ ಬರ್ತಿದೆ."

"ಬೆಳಬೆಳಿಗ್ಗೆ ಎಂಥ ನಿದ್ದೆ? ಮೊದಲು ಬಣ್ಣ ಹೇಳು. ಖಾಕಿಯೋ ಕಪ್ಪೋ?"

"ಯಾವುದೋ ಒಂದು."

"ಯಾವುದೋ ಒಂದು ಅಂದ್ರೆ ಆಗಲ್ಲ. ಜಿಪ್ ಇಡ್ತೀಯೋ, ಬಕಲ್ ಇಡ್ತೀಯೋ?"

ನೋಡುವವರಿಗೆ ಪಿತ್ತ ನೆತ್ತಿಗೇರಬೇಕು. ಹೆಂಡತಿ ಬೇಡವೆಂದು ಸುಮ್ಮನಾದರೆ ಈ ಮಹಾಶಯನಿಗೆ ಜಿಪ್ಪು ಬಕಲಿನ ಚಿಂತೆ! ಆದರೆ ಗುಂಪಿನಲ್ಲಿದ್ದ ಹಿರಿಯ ಹೆಂಗಸೊಬ್ಬಳು ಅವನ ಬೆನ್ನ ಮೇಲೆ ಕೈಯಿಟ್ಟಳು. "ಮಾತಾಡ್ತಾನೇ ಇರಪ್ಪ. ಅವಳು ಬೈದ್ರೂ ಸರಿ, ಮಾತು ಮಾತ್ರ ನಿಲ್ಲಬಾರದು."

ಅವನು ಸಂದಿಯೊಳಗೆ ಕೈ ತೂರಿಸಿದ. ಅವಳ ಬೆರಳು ಸಿಕ್ಕವು. ಅವಳು ಕೈ ಕೊಸರಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಇವಳು ತನ್ನನ್ನು ಬಿಟ್ಟುಹೋದರೆ ತಾನು ಬದುಕುವುದಿಲ್ಲ ಎಂಬುದು ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಅದನ್ನು ಅವಳಿಗೆ ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಮಾತ್ರ ಬೇರೆ.

"ಇಡೀ ಜೀಪಿಗೆ ಎಷ್ಟು ಮೀಟರ್ ಬಟ್ಟೆ ಬೇಕು, ಲೆಕ್ಕ ಹಾಕು."

ಒಳಗಿನಿಂದ ಕ್ಷೀಣವಾಗಿ ಉತ್ತರ ಬಂತು. "ಎರಡು."

"ಎರಡು ಮೀಟರಾ? ಅದರಲ್ಲಿ ದಿಂಬಿನ ಚೀಲ ಆಗತ್ತೆ ಅಷ್ಟೆ!" ಎಂದು ನಗಲು ಹೋದವನು ತಟ್ಟನೆ ಸಂದಿಗೆ ಕಿವಿ ಹಚ್ಚಿದ. ಬಟ್ಟೆಯ ಲೆಕ್ಕದಲ್ಲಿ ಅವಳು ಒಂದು ಗೇಣೂ ತಪ್ಪಿದವಳಲ್ಲ.

"ಸರಿಯಾಗಿ ಹೇಳು! ಲೇ! ಸರಿಯಾಗಿ ಲೆಕ್ಕ ಹಾಕಿ ಹೇಳೇ!"

"ಕೂಗಾಡಬೇಡ್ರಿ... ಚಳಿ ಆಗ್ತಿದೆ."

"ವೆಲ್ಡರ್‌ಗೆ ಹೇಳಿ ಕಳಿಸಿದೀನಿ. ತಗಡು ಕೊಯ್ಯೋ ಮೆಷಿನ್ ತರ್ತಿದಾನೆ. ಆ ದರಿದ್ರ ಟಾಪನ್ನ ಕೊಯ್ದು ಬಿಸಾಕಿಸ್ತೀನಿ. ನನ್ನದೇ ತಪ್ಪು. ಮೊದಲ ದಿನವೇ ನಿನ್ನ ಮಾತು ಕೇಳಬೇಕಿತ್ತು."

ಗಂಡನ ಬಾಯಿಂದ ತಪ್ಪೊಪ್ಪಿಗೆ ಬಂದದ್ದೇ ಒಳಗೆ ಏನೋ ಅಲುಗಿದಂತಾಯಿತು.

"ಏನಂದ್ರಿ?"

"ನನ್ನದೇ ತಪ್ಪು ಅಂದೆ."

"ಇನ್ನೊಂದು ಸಲ ಹೇಳಿ."

"ನನ್ನದೇ ತಪ್ಪು. ನೂರು ಸಲ ಬೇಕಾದ್ರೂ ಹೇಳ್ತೀನಿ, ನೀನು ಕೇಳ್ತಾ ಇರು. ಕ್ಯಾನ್ವಾಸ್ ನೀನೇ ಹೊಲಿ. ಜನ ಆಡಿಕೊಂಡ್ರೆ ಆಡಿಕೊಳ್ಳಲಿ."

ಅಷ್ಟರಲ್ಲಿ ಗುಂಪು ಬಿರಿದು ದಾರಿಯಾಯಿತು. ವೆಲ್ಡರ್ ಏದುಸಿರು ಬಿಡುತ್ತಾ ಮೆಷಿನ್ ಇಳಿಸಿದ. ತಗಡನ್ನು ಅಂಗೈಯಿಂದ ತಟ್ಟಿ ನೋಡಿ, ತಲೆಯೆತ್ತಿ ಮೇಲೆ ನೋಡಿ, ಸರ್ವೇಯರನ ಕಡೆ ತಿರುಗಿದ.

"ಯಾವ ಕಡೆಯಿಂದ ಕೊಯ್ಲಿ ಸಾರ್?"

ಸರ್ವೇಯರ್ ಸಂದಿಗೆ ಬಾಯಿ ಹಚ್ಚಿದ. "ಲೇ, ನಿನ್ನ ತಲೆ ಯಾವ ಕಡೆ ಇದೆ?"

"ಡ್ರೈವರ್ ಸೀಟಿನ ಕಡೆ... ರೀ, ಇನ್ಮೇಲೆ ಸಾಫ್ಟ್ ಟಾಪೇ ಅಲ್ವಾ?"

ಕುಸಿದ ಗುಡ್ಡದ ಮಣ್ಣಿನಡಿ ಮುಕ್ಕಾಲು ಪಾಲು ಹೂತುಹೋಗಿದ್ದ ಆ ಜೀಪಿನೊಳಗೆ ಅವಳು ಇನ್ನೂ ಉಸಿರಾಡುತ್ತಿದ್ದುದು, ಹಾರ್ಡ್ ಟಾಪ್ ಬಗ್ಗದೆ ನಿಂತಿದ್ದರಿಂದಲೇ.